ಕಣ್ಕಟ್ಟೂ ಕಾಣ್ಕೆಯೂ: ಹಂಪೆಯ ಛಾಯಾಚಿತ್ರಗಳನ್ನು ಕುರಿತು ಒಂದು ವಿಚಾರ

೧

ಇದ್ದುದನ್ನು ಇದ್ದಂತೆ ತೋರಿಸುವುದು ಚಿತ್ರದ ಪರಮಾರ್ಥವೋ, ಇದ್ದುದರ ಮೂಲಕ ಇಲ್ಲದುದನ್ನು ಸೂಚಿಸುವುದು ಅದರ ಪರಮಾರ್ಥವೋ ಎಂಬ ಪ್ರಶ್ನೆ ಬಹು ಹಳೆಯದು. ೧೮೩೯ರಲ್ಲಿ ಛಾಯಾಚಿತ್ರದ ಆವಿಷ್ಕಾರವು ಲೋಕಕ್ಕೆ ಪ್ರಕಟವಾದಾಗ ಈ ಪ್ರಶ್ನೆಗೆ ಹೊಸ ಮೊನೆ ಬಂದಿತು. ಇಲ್ಲಿ ಚಿತ್ರಕಾರನ ಕೈಯೇ ಇಲ್ಲ, ಸೂರ್ಯನೇ ಬರೆಯುತ್ತಾನೆ ಎಂದು ಆಗಿನವರು ಬೆರಗಾದರು. ಈ ಕಾಲದಲ್ಲಿ ವರ್ಚುಯಲ್ ರಿಯಾಲಿಟಿ ಎಂಬ ಯಂತ್ರಕಲೆ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿದೆ. ಅಲ್ಲಿ ಚಿತ್ರಕ್ಕೆ ಚೌಕಟ್ಟೂ ಇಲ್ಲ. ನೋಡುವವನು ಚಿತ್ರದ ಎದುರಿಗಿಲ್ಲ, ಚಿತ್ರದ ಒಳಗಿದ್ದಾನೆ. ಸಾದೃಶ್ಯವೇ ಕಲೆಯ ಅಳತೆಗೋಲಾದರೆ ಈ ಯಂತ್ರಕ್ಕೆ ಮೊದಲನೆಯ ಮಣೆ, ಛಾಯಾಚಿತ್ರಕ್ಕೆ ಎರಡನೆಯದು, ಕುಂಚದ ಚಿತ್ರಕ್ಕೆ ಮೂರನೆಯದು, ಯಾವುದನ್ನೂ ಕಣ್ಣಿಗೆ ತೋರಿಸದ ಕಾವ್ಯಕ್ಕೆ ಕೊನೆಯದು ಸಲ್ಲಬೇಕಾಗುತ್ತದೆ. ನಮ್ಮ ಲಾಕ್ಷಣಿಕರು ಈ ತಾರತಮ್ಯವನ್ನು ಒಪ್ಪುತ್ತಿರಲಿಲ್ಲ. ಅವರು ಒಪ್ಪದಿರುವುದಕ್ಕೆ ಕಾರಣಗಳೇನು, ಆ ಕಾರಣಗಳು ಇಂದಿಗೂ ನಿಲ್ಲುತ್ತವೆಯೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಇಂತಹ ಪರಿಶೀಲನೆಗೆ ಕನ್ನಡನಾಡಿನಲ್ಲಿಯೇ ಒಂದು ಒರೆಗಲ್ಲು ದೊರೆಯುತ್ತದೆ. ಹಂಪೆಯ ಕಲ್ಲುಗಳು ಮೂರು ಬೇರೆ ಬೇರೆ ಕಾಲಗಳಲ್ಲಿ ಮೂರು ವಿಧವಾದ ಕಣ್ಣುಗಳಿಗೆ ಗುರಿಯಾದುವು. ೧೮೫೬ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಅವನ್ನು ಕಾಗದದ ಮೇಲೆ ಹಿಡಿದನು. ೧೯೮೩ರಲ್ಲಿ ಜಾನ್ ಗಾಲಿಂಗ್ಸ್ ಎಂಬ ಆಸ್ಟ್ರೇಲಿಯದ ಛಾಯಾಚಿತ್ರಕಾರರು ಅದೇ ಸ್ಥಳಗಳಲ್ಲಿ ನಿಂತು ಅವನ್ನು ಮತ್ತೆ ಹಿಡಿದರು. ೨೦೦೬ರಲ್ಲಿ ಸೇರಾ ಕೆಂಡರ್‌ಡೈನ್, ಜೆಫ್ರಿ ಷಾ ಎಂಬಿಬ್ಬರು ‘ಪ್ಲೇಸ್–ಹಂಪಿ’ ಎಂಬ ಕೃತಿಯಲ್ಲಿ ಅವೇ ಕಲ್ಲುಗಳನ್ನು ನೋಡುವವನ ಸುತ್ತಲೂ ನಿಲ್ಲಿಸಿದರು. ವಸ್ತು ಒಂದೇ ಆಗಿರುವುದರಿಂದ ಉಪಾಯಗಳ ಭೇದವು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಮೊದಲಿಗೆ ಒಂದು ಭ್ರಾಂತಿಯನ್ನು ನಿವಾರಿಸಬೇಕು. ಛಾಯಾಚಿತ್ರ ತಾಯಿ, ಕಲ್ಪಿತ ವಾಸ್ತವ ಅದರ ಮೊಮ್ಮಗಳು ಎಂಬುದು ಸಾಮಾನ್ಯವಾದ ತಿಳಿವಳಿಕೆ. ಚರಿತ್ರೆ ಹೀಗಿಲ್ಲ. ಎರಡು ಕಣ್ಣುಗಳಿಗೆ ಕಿಂಚಿತ್ ಭೇದವುಳ್ಳ ಎರಡು ಚಿತ್ರಗಳನ್ನು ತೋರಿಸಿದರೆ ಮನಸ್ಸು ಅವೆರಡನ್ನೂ ಬೆಸೆದು ಆಳವುಳ್ಳ ಒಂದೇ ವಸ್ತುವನ್ನು ಕಾಣುತ್ತದೆ ಎಂಬುದನ್ನು ಚಾರ್ಲ್ಸ್ ವೀಟ್‌ಸ್ಟನ್ನನು ತನ್ನ ಸ್ಟೀರಿಯೊಸ್ಕೋಪಿನ ಮೂಲಕ ೧೮೩೮ರಲ್ಲಿಯೇ ತೋರಿಸಿದ್ದನು. ಆಗ ಅವನು ಬಳಸಿದ್ದು ಗೆರೆಯ ಚಿತ್ರಗಳನ್ನು. ಛಾಯಾಚಿತ್ರವು ಪ್ರಕಟವಾದದ್ದು ಅದರ ಮರುವರ್ಷ. ೧೯೬೮ರಲ್ಲಿ ಅಮೆರಿಕದ ಐವನ್ ಸದರ್‌ಲೆಂಡ್ ತಲೆಗೆ ಧರಿಸುವ ದರ್ಶನಯಂತ್ರವನ್ನು ರಚಿಸಿದಾಗ ವೀಟ್‌ಸ್ಟನ್ನನ ತತ್ತ್ವಕ್ಕೆ ಸೇರಿಸಿದ್ದು ಮುಖ್ಯವಾಗಿ ಒಂದೇ ಅಂಶ: ತಲೆ ತಿರುಗಿದತ್ತ ಚಿತ್ರವೂ ತಿರುಗುವಂತೆ ಗಣಕಯಂತ್ರವು ನೋಡಿಕೊಳ್ಳುವುದು. ವರ್ಚುಯಲ್ ರಿಯಾಲಿಟಿ ಎಂಬ ಹೆಸರನ್ನು ೧೯೮೦ರ ದಶಕದಲ್ಲಿ ಬಳಕೆಗೆ ತಂದವರು ಜೇರನ್ ಲೇನಿಯರ್. ಆದುದರಿಂದ ಈ ಎರಡು ಕಲೆಗಳು ಅವಳಿಗಳೆಂದೇ ಹೇಳಬೇಕು. ಒಂದು ಕಾಲವನ್ನು ತಡೆದು ನಿಲ್ಲಿಸುತ್ತದೆ. ಇನ್ನೊಂದು ದೇಶವನ್ನು, ಎಂದರೆ ಸುತ್ತಣ ಅವಕಾಶವನ್ನು, ಹುಟ್ಟಿಸಿ ತೋರಿಸುತ್ತದೆ. ಈ ಎರಡನೆಯದಕ್ಕೆ ಕನ್ನಡದಲ್ಲಿ ‘ಕಲ್ಪಿತ ವಾಸ್ತವ’ ಎಂದು ಹೇಳಬಹುದಾದರೂ, ಜನರ ಬಾಯಲ್ಲಿರುವ ‘ಕಣ್ಕಟ್ಟು’ ಎಂಬ ಮಾತು ಅದಕ್ಕೆ ಅಕ್ಷರಶಃ ಒಪ್ಪುತ್ತದೆ. ಈ ಯಂತ್ರವನ್ನು ಧರಿಸಿದವನ ಕಣ್ಣು ನಿಜವಾಗಿಯೂ ಕಟ್ಟಲ್ಪಟ್ಟಿರುತ್ತದೆ.

೨

ಗ್ರೀನ್‌ಲಾ ಮದರಾಸಿನ ಪದಾತಿ ಸೈನ್ಯಕ್ಕೆ ಸೇರಿದವನು. ಅವನು ಬಳಸಿದ್ದು ಮೇಣದ ಕಾಗದದ ವಿಧಾನ. ಇದನ್ನು ಫ್ರಾನ್ಸಿನ ಗುಸ್ತಾವ್ ಲ ಗ್ರೇ ೧೮೫೧ರಲ್ಲಿ ಪ್ರಕಟಿಸಿದ್ದನು. ಕಾಗದಕ್ಕೆ ಮೊದಲು ಮೇಣವನ್ನು ಊಡಿ, ಆ ಮೇಲೆ ಬೆಳ್ಳಿಯ ಲವಣಗಳನ್ನು ಸೇರಿಸಿದರೆ ಅದನ್ನು ಹಲವು ದಿವಸ ಇಟ್ಟುಕೊಂಡು ಬಳಸಬಹುದಾಗಿತ್ತು. ಬಿಸಿಲು ಹೆಚ್ಚಾದ ಬಳ್ಳಾರಿಯಂತಹ ಸೀಮೆಯಲ್ಲಿ ಸಂಚರಿಸುವವನಿಗೆ ಇದು ದೊಡ್ಡ ಅನುಕೂಲ. ಆದರೆ ಅದಕ್ಕೆ ತಕ್ಕ ತೆರವನ್ನೂ ತೆರಬೇಕಾಗಿತ್ತು. ಬೆಳಕು ಕಾಗದದಲ್ಲಿ ಅಚ್ಚೊತ್ತುವುದಕ್ಕೆ ಎಷ್ಟೋ ನಿಮಿಷಗಳು ಹಿಡಿಯುತ್ತಿದ್ದುವು. ಅಷ್ಟು ಹೊತ್ತೂ ಅಲುಗದಿದ್ದುದು ಮಾತ್ರ ಚಿತ್ರದಲ್ಲಿ ಉಳಿಯುತ್ತಿತ್ತು. ನಡೆದು ಹೋದ ಮನುಷ್ಯ, ಮೇಯುತ್ತಿದ್ದ ದನ, ತೂಗುತ್ತಿದ್ದ ಬಾಳೆಯ ಎಲೆ ಇವೆಲ್ಲ ಕರಗಿಹೋಗುತ್ತಿದ್ದುವು.

ಈ ಚಿತ್ರಗಳ ಮೂಲಪ್ರತಿಗಳು ಬಲು ದೊಡ್ಡವು; ಸುಮಾರು ೧೬ ಅಂಗುಲಕ್ಕೆ ೧೮ ಅಂಗುಲದ ಹಾಳೆಗಳು. ಬಹುಕಾಲ ಮರೆಯಾಗಿದ್ದ ಇವು ಈಚೆಗೆ ಅಲ್ಕಾಜಿ ಸಂಗ್ರಹಕ್ಕೆ ಸೇರಿ, ವಿದ್ವಾಂಸರ ಪರಿಶೀಲನೆಗೆ ಒದಗಿವೆ. ಇವುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಲಕ್ಷ್ಯವನ್ನು ಸೆಳೆಯತಕ್ಕದ್ದು ವಿಠ್ಠಲನ ಗುಡಿಯ ಕಲ್ಲಿನ ರಥ. ಇಂದು ಆ ರಥವನ್ನು ನೋಡಿದವರು ಅದರ ತಲೆ ಬೋಳಾಗಿರುವುದನ್ನೇ ಅದರ ಸಹಜ ರೂಪವೆಂದು ನಂಬಿರುತ್ತಾರೆ. ೨೦೧೭ರಿಂದ ಚಲಾವಣೆಗೆ ಬಂದ ೫೦ ರೂಪಾಯಿಯ ನೋಟಿನ ಮೇಲೆ ಅಚ್ಚಾಗಿರುವುದೂ ಆ ರೂಪವೇ. ಗ್ರೀನ್‌ಲಾನ ಚಿತ್ರದಲ್ಲಾದರೋ ರಥದ ನೆತ್ತಿಯ ಮೇಲೆ ಇಟ್ಟಿಗೆಯಿಂದ ಕಟ್ಟಿದ ಶಿಖರವೊಂದಿದೆ. ಅದನ್ನು ಆ ಮೇಲೆ ತೆಗೆದುಬಿಟ್ಟರು. ಶಾಶ್ವತವೆಂದು ಭಾವಿಸಿದ ಕಲ್ಲಿಗೂ ಒಂದು ಬಾಳಿನ ಕಥೆಯುಂಟೆಂಬುದನ್ನು ಈ ಒಂದು ಹಾಳೆ ಹೇಳುತ್ತದೆ.

ಇದು ಗ್ರೀನ್‌ಲಾನ ಗುಣಪಕ್ಷ. ದೋಷಪಕ್ಷವನ್ನೂ ಹೇಳಬೇಕು. ಅವನ ಹಂಪೆ ನಿರ್ಜನವಾದುದು. ೧೫೬೫ರ ರಕ್ಕಸ-ತಂಗಡಿಯ ಯುದ್ಧದ ತರುವಾಯ ರಾಜಧಾನಿ ಹಾಳಾಯಿತೆಂಬುದು ನಿಜ; ಆದರೆ ವಿರೂಪಾಕ್ಷನ ಪೂಜೆ ನಡೆದೇ ಇತ್ತು. ಚಿತ್ರದಲ್ಲಿ ಕಾಣುವ ಶೂನ್ಯತೆ ಅಷ್ಟಿಷ್ಟು ಚರಿತ್ರೆಯದು, ಅಷ್ಟಿಷ್ಟು ಕಾಗದದ ನಿಧಾನದ್ದು. ಯಂತ್ರದ ಅಶಕ್ತಿಯಿಂದ ಹುಟ್ಟಿದ ಈ ನಿರ್ಜನತೆಯು ನೋಡುವವನ ಮನಸ್ಸಿನಲ್ಲಿ ಊರಿನ ಸ್ವಭಾವವೇ ಆಗಿ ನೆಲೆಗೊಳ್ಳುತ್ತದೆ. ‘ಹಾಳು ಹಂಪೆ’ ಎಂಬ ಮಾತು ಎಲ್ಲರ ಬಾಯಲ್ಲಿಯೂ ಇದೆ. ಇಂತಹ ಚಿತ್ರಗಳು ಆ ಮಾತಿಗೆ ಕಣ್ಣಿನ ಸಾಕ್ಷ್ಯವನ್ನು ಒದಗಿಸಿದುವು. ಸಾಕ್ಷಿ ಸುಳ್ಳು ಹೇಳಲಿಲ್ಲ, ಪೂರ್ತಿಯಾಗಿಯೂ ಹೇಳಲಿಲ್ಲ.

೩

ಗಾಲಿಂಗ್ಸ್ ಅವರ ಕೆಲಸವನ್ನು ಮೇಲುನೋಟಕ್ಕೆ ಅನುಕರಣವೆಂದು ತಳ್ಳಿಹಾಕಬಹುದು. ಜಾನ್ ಫ್ರಿಟ್ಜ್, ಜಾರ್ಜ್ ಮಿಷೆಲ್ ಎಂಬ ವಿದ್ವಾಂಸರು ಹಂಪೆಯ ಅವಶೇಷಗಳನ್ನು ಅಳೆದು ಬರೆಯುತ್ತಿದ್ದ ಕಾಲದಲ್ಲಿ ಅವರ ಜತೆಯಲ್ಲಿದ್ದ ಗಾಲಿಂಗ್ಸ್, ಗ್ರೀನ್‌ಲಾ ನಿಂತಿದ್ದ ಸ್ಥಳಗಳನ್ನು ಹುಡುಕಿ ಹುಡುಕಿ, ಅದೇ ಕೋನದಿಂದ ಅವೇ ದೃಶ್ಯಗಳನ್ನು ಮತ್ತೆ ತೆಗೆದರು. ಹೊಸ ದೃಷ್ಟಿಯನ್ನು ಅರಸುವುದು ಕಲೆಗಾರನ ಧರ್ಮವೆಂದು ಹೇಳುವವರಿಗೆ ಇದು ವಿಪರೀತವಾಗಿ ತೋರಬಹುದು. ಇನ್ನೊಬ್ಬನ ಕಣ್ಣನ್ನು ಎರವಲು ಪಡೆದವನು ಯಾವ ಸೃಷ್ಟಿಯನ್ನು ಮಾಡಿದಂತಾಯಿತು?

ಸೃಷ್ಟಿ ನಡೆದಿರುವುದು ಹಾಳೆಯ ಮೇಲಲ್ಲ, ಎರಡು ಹಾಳೆಗಳ ನಡುವೆ. ೧೮೫೬ರ ಚಿತ್ರವೊಂದೇ ಇದ್ದಾಗ ಅದು ದಾಖಲೆ. ೧೯೮೩ರದೊಂದೇ ಇದ್ದಾಗ ಅದೂ ದಾಖಲೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟಾಗ ೧೨೭ ವರ್ಷಗಳ ಅವಧಿಯೊಂದು ಅರ್ಥವಾಗಿ ಎದ್ದು ಬರುತ್ತದೆ. ರಥದ ಶಿಖರ ಒಂದರಲ್ಲಿದೆ, ಇನ್ನೊಂದರಲ್ಲಿಲ್ಲ. ಆ ಇಲ್ಲದಿರುವಿಕೆಯನ್ನು ಯಾವ ಚಿತ್ರವೂ ತೋರಿಸುವುದಿಲ್ಲ, ನೋಡುವವನೇ ಅದನ್ನು ಕಂಡುಕೊಳ್ಳಬೇಕು. ಆನಂದವರ್ಧನನ ಪರಿಭಾಷೆಯನ್ನು ಇಲ್ಲಿಗೆ ಅನ್ವಯಿಸುವುದಾದರೆ, ವಾಚ್ಯವಾದುದು ಎರಡು ಕಲ್ಲಿನ ರಥಗಳು, ವ್ಯಂಗ್ಯವಾದುದು ಕಾಲ. ಶಬ್ದವಿಲ್ಲದ ಎಡೆಯಲ್ಲಿಯೂ ಧ್ವನಿಗೆ ಅವಕಾಶವುಂಟೆಂಬುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ದೊರೆಯುವುದು ಕಷ್ಟ.

ಇನ್ನೊಂದು ಅಂಶವೂ ಗಮನಾರ್ಹವಾದುದು. ಹಳೆಯ ಬಿಂದುವನ್ನು ಹುಡುಕುವುದಕ್ಕಾಗಿ ಗುಡ್ಡ ಬಂಡೆಗಳ ನಡುವೆ ಅಡಿ ಅಡಿಯಾಗಿ ಸರಿದು ನೋಡಬೇಕು. ಕಂಬದ ಅಂಚು ಹಿಂದಿನ ಬೆಟ್ಟದ ಯಾವ ಮಗ್ಗುಲಿಗೆ ತಾಕುತ್ತದೆಂಬುದನ್ನು ಒರೆಹಚ್ಚಬೇಕು. ನೆರಳು ಹಳೆಯ ನೆರಳಿಗೆ ಸಮನಾಗುವ ಹೊತ್ತಿಗೆ ಕಾಯಬೇಕು. ಈ ಶ್ರಮವೇ ಒಂದು ಬಗೆಯ ಅಧ್ಯಯನ. ಗುರುವಿನ ಹಾಡಿಕೆಯನ್ನು ಸ್ವರಸ್ವರವಾಗಿ ಅಭ್ಯಾಸಮಾಡುವ ಶಿಷ್ಯನು ಅನುಕಾರಿಯಲ್ಲ, ಅಧಿಕಾರಿಯಾಗುತ್ತಿರುವವನು. ಪ್ರಶ್ನೆಯಿಟ್ಟುಕೊಂಡು ಮಾಡುವ ಪುನರಾವೃತ್ತಿಗೂ ಪ್ರಶ್ನೆಯಿಲ್ಲದ ಪುನರಾವೃತ್ತಿಗೂ ಅಜಗಜಾಂತರವುಂಟು. ಇಂದು ಕೈಯಲ್ಲಿ ಮೊಬೈಲು ಹಿಡಿದು ಕಲ್ಲಿನ ರಥದ ಮುಂದೆ ನಿಲ್ಲುವ ಯಾತ್ರಿಕರಲ್ಲಿ ಬಹುಮಂದಿಯೂ ನೋಟಿನ ಮೇಲಿನ ಚಿತ್ರವನ್ನೇ ಮರಳಿ ತೆಗೆಯುತ್ತಾರೆ. ಅವರು ಮಾಡುವುದೂ ಪುನರಾವೃತ್ತಿಯೇ. ಆದರೆ ಅವರು ಹೋಲಿಸುವುದಕ್ಕೆ ತೆಗೆಯುವುದಿಲ್ಲ, ಬಂದುದಕ್ಕೆ ರಸೀದಿ ಪಡೆಯುವುದಕ್ಕೆ ತೆಗೆಯುತ್ತಾರೆ. ಉಪಕರಣ ಎರಡು ಕಡೆಯೂ ಛಾಯಾಗ್ರಹಣದ್ದೇ ಆದರೂ ಫಲ ಬೇರೆಯಾಯಿತು. ಆದಕಾರಣ ಛಾಯಾಚಿತ್ರವೆಂಬ ಮಾತ್ರಕ್ಕೆ ಒಂದು ಕೃತಿ ಸೃಷ್ಟಿಶೀಲವೆಂದಾಗಲಿ, ಕಲ್ಪಿತ ವಾಸ್ತವವೆಂಬ ಮಾತ್ರಕ್ಕೆ ಜಡವೆಂದಾಗಲಿ ತೀರ್ಪುಕೊಡಲು ಬರುವುದಿಲ್ಲ.

೪

ಈಗ ಮೂರನೆಯ ಕೃತಿಗೆ ಬರಬಹುದು. ‘ಪ್ಲೇಸ್–ಹಂಪಿ’ ತಲೆಗೆ ಧರಿಸುವ ಯಂತ್ರವಲ್ಲ. ಸುಮಾರು ೯ ಮೀಟರು ವ್ಯಾಸದ ಉರುಳೆಯಾಕಾರದ ಪರದೆ; ಅದರ ನಡುವೆ ತಿರುಗುವ ಒಂದು ಜಗಲಿ; ಜಗಲಿಯ ಮೇಲೆ ನಿಂತವನು ಅದನ್ನು ಬೇಕಾದತ್ತ ತಿರುಗಿಸಬಹುದು. ತಿರುಗಿಸಿದತ್ತ ಪರದೆಯ ಒಂದು ಭಾಗ ಮಾತ್ರ ಬೆಳಗುತ್ತದೆ. ವಿಶೇಷವಾದ ಕನ್ನಡಕದ ಮೂಲಕ ನೋಡಿದಾಗ ದೃಶ್ಯಕ್ಕೆ ಆಳ ಬರುತ್ತದೆ. ಹಂಪೆಯ ೧೮ ಸ್ಥಳಗಳ ಸುತ್ತುಚಿತ್ರಗಳು ಒಂದು ಕಲ್ಪಿತ ಭೂಮಿಯ ಮೇಲೆ ಹರಡಿವೆ. ನೋಡುವವನು ಒಂದರಿಂದ ಹೊರಟು ಇನ್ನೊಂದನ್ನು ಹೊಗುತ್ತಾನೆ. ಈ ಚಿತ್ರಗಳನ್ನು ತೆಗೆದವರೂ ಗಾಲಿಂಗ್ಸ್ ಅವರೇ. ಧ್ವನಿಯ ಯೋಜನೆಯಲ್ಲಿ ಪಾಲ್ ಡೋರ್ನ್‌ಬುಷ್ ಅವರೂ ಪಿಟೀಲು ವಿದ್ವಾಂಸರಾದ ಎಲ್. ಸುಬ್ರಹ್ಮಣ್ಯಂ ಅವರೂ ಭಾಗಿಗಳು. ೨೦೦೬ರಲ್ಲಿ ಫ್ರಾನ್ಸಿನ ಲೀಲ್ ನಗರದಲ್ಲಿ ಮೊದಲು ಪ್ರದರ್ಶಿತವಾದ ಈ ಕೃತಿ ಬೇರೆ ಕೆಲವು ನಗರಗಳನ್ನು ಸುತ್ತಿ, ೨೦೧೨ರಲ್ಲಿ ಹಂಪೆಗೆ ದೂರವಲ್ಲದ ತೋರಣಗಲ್ಲಿನ ‘ಕಲಾಧಾಮ’ಕ್ಕೆ ಬಂದಿತು.

ಇದರ ಗುಣಗಳು ಅಲ್ಪವಲ್ಲ. ಮೊದಲನೆಯದಾಗಿ, ಇಲ್ಲಿ ಕಣ್ಣು ಕಟ್ಟಿಲ್ಲ. ಜಗಲಿಯ ಮೇಲೆ ಹಲವರು ಒಟ್ಟಿಗೆ ನಿಲ್ಲುತ್ತಾರೆ. ಒಬ್ಬನು ತಿರುಗಿಸಿದುದನ್ನು ಉಳಿದವರು ನೋಡುತ್ತಾರೆ, ಇತ್ತ ಬೇಡ ಅತ್ತ ಎಂದು ಹೇಳುತ್ತಾರೆ. ನಾಟಕಶಾಲೆಯಲ್ಲಿರುವ ಸಹೃದಯಸಮೂಹದ ಛಾಯೆಯೊಂದು ಇಲ್ಲಿ ಉಳಿದಿದೆ. ಎರಡನೆಯದಾಗಿ, ಪರದೆಯ ಒಂದು ಭಾಗವೇ ಬೆಳಗುವುದರಿಂದ ಚೌಕಟ್ಟು ಪೂರ್ತಿಯಾಗಿ ಅಳಿದಿಲ್ಲ. ಕಾಣದ ಭಾಗ ಬೆನ್ನ ಹಿಂದೆ ಕತ್ತಲಾಗಿ ಇದ್ದೇ ಇರುತ್ತದೆ. ತಾನು ನೋಡುತ್ತಿರುವುದು ರಚಿತವಾದುದೆಂಬ ಅರಿವು ನೋಡುವವನಿಗೆ ತಪ್ಪುವುದಿಲ್ಲ. ಮೂರನೆಯದಾಗಿ, ಗ್ರೀನ್‌ಲಾನ ಕಾಗದವು ಕಳೆದುಕೊಂಡಿದ್ದ ನಾದ ಇಲ್ಲಿ ಮರಳಿ ಬಂದಿದೆ.

ಆಕ್ಷೇಪಣೆಗೆ ಎಡೆಯಿರುವುದು ಇನ್ನೊಂದು ಅಂಶದಲ್ಲಿ. ಛಾಯಾಚಿತ್ರಗಳ ನಡುವೆ ಗಣಕಯಂತ್ರದಿಂದ ರಚಿಸಿದ ದೇವತಾರೂಪಗಳನ್ನು ಇರಿಸಿ ಚಲಿಸುವಂತೆ ಮಾಡಿದೆ. ಇದಕ್ಕೆ ಕರ್ತೃಗಳ ಪಕ್ಷದಲ್ಲಿ ಸಮಾಧಾನವುಂಟು. ಹಂಪೆ ಬರಿಯ ಕಲ್ಲಿನ ಊರಲ್ಲ. ಅದು ಪಂಪಾಕ್ಷೇತ್ರ, ಜನರ ನಂಬಿಕೆಯಲ್ಲಿ ಕಿಷ್ಕಿಂಧೆ. ಭಕ್ತನಾದ ಯಾತ್ರಿಕನು ಕಲ್ಲನ್ನು ನೋಡುವಾಗ ಕಲ್ಲನ್ನು ಮಾತ್ರ ನೋಡುವುದಿಲ್ಲ. ಲೀಲ್ ನಗರದ ಪ್ರೇಕ್ಷಕನಿಗೆ ಆ ಒಳಗಣ್ಣು ಇಲ್ಲವಾದುದರಿಂದ ಯಂತ್ರವು ಅದನ್ನು ಎರವಲಾಗಿ ಕೊಡುತ್ತದೆ ಎಂದು ವಾದಿಸಬಹುದು. ಈ ವಾದದಲ್ಲಿ ಸತ್ಯಾಂಶವಿದೆ. ಆದರೂ ಭಕ್ತನ ಕಾಣ್ಕೆಗೂ ಈ ತೋರಿಕೆಗೂ ಇರುವ ಅಂತರ ಮುಖ್ಯವಾದುದು. ಭಕ್ತನು ಕಲ್ಲಿನ ಎದುರಿಗೆ ನಿಂತು ದೇವರನ್ನು ತನ್ನ ಭಾವನೆಯಿಂದ ಎಬ್ಬಿಸಿಕೊಳ್ಳುತ್ತಾನೆ. ಇಲ್ಲಿ ಎಬ್ಬಿಸಿದ ದೇವರೇ ಬಂದು ಭಾವನೆಯ ಕೆಲಸವನ್ನು ನಿಲ್ಲಿಸಿಬಿಡುತ್ತಾನೆ. ವ್ಯಂಗ್ಯವಾಗಿರಬೇಕಾದುದನ್ನು ವಾಚ್ಯ ಮಾಡಿದರೆ ಕಾವ್ಯಕ್ಕೆ ಯಾವ ಹಾನಿಯೆಂದು ಧ್ವನಿಕಾರನು ಹೇಳುತ್ತಾನೋ ಇಲ್ಲಿ ಆಗಿರುವುದು ಆ ಹಾನಿಯೇ.

೫

ಕೃತಿವಿಶೇಷವನ್ನು ಬಿಟ್ಟು ತತ್ತ್ವವನ್ನು ಹಿಡಿದರೆ, ಕಲ್ಪಿತ ವಾಸ್ತವದ ವಿಚಾರದಲ್ಲಿ ಎಲ್ಲಕ್ಕಿಂತ ದೊಡ್ಡ ಹೆಗ್ಗಳಿಕೆಯಾಗಿ ಹೇಳುವುದು ಅದು ನಿಜವೆಂಬ ಭ್ರಾಂತಿಯನ್ನು ಹುಟ್ಟಿಸುವುದೆಂದು. ಇದು ಹೆಗ್ಗಳಿಕೆಯೇ ಎಂಬುದನ್ನು ವಿಚಾರಿಸಬೇಕು. ಮಯನು ಕಟ್ಟಿದ ಸಭೆಯಲ್ಲಿ ದುರ್ಯೋಧನನು ನೆಲವನ್ನು ನೀರೆಂದು ಬಗೆದು ಬಟ್ಟೆಯನ್ನು ಎತ್ತಿಕೊಂಡನು, ನೀರನ್ನು ನೆಲವೆಂದು ಬಗೆದು ಬಿದ್ದನು. ಶಿಲ್ಪದ ಭ್ರಾಂತಿ ಪೂರ್ಣವಾಗಿ ಸಿದ್ಧಿಸಿದ್ದು ಅವನೊಬ್ಬನ ಪಾಲಿಗೆ. ಆದರೆ ಆ ಸಭೆಯ ಸೊಬಗನ್ನು ಅನುಭವಿಸಿದವನು ಅವನಲ್ಲ. ಇದು ಮಾಡಿದುದೆಂದು ಬಲ್ಲವರಿಗೆ ಅಲ್ಲಿ ವಿಸ್ಮಯವಾಯಿತು, ಅರಿಯದವನಿಗೆ ಅವಮಾನವಾಯಿತು. ಭ್ರಾಂತಿ ಹೆಚ್ಚಿದಷ್ಟೂ ರಸ ಹೆಚ್ಚುತ್ತದೆ ಎಂಬ ಮತಕ್ಕೆ ಈ ಕಥೆಯೊಂದೇ ಸಾಕಾದ ಉತ್ತರ.

ಶಾಸ್ತ್ರದಲ್ಲಿ ಇದೇ ಮಾತನ್ನು ಶಂಕುಕನು ಚಿತ್ರತುರಗನ್ಯಾಯದಿಂದ ನಿರೂಪಿಸಿದನೆಂದು ಅಭಿನವಗುಪ್ತನ ಗ್ರಂಥದಿಂದ ತಿಳಿಯುತ್ತದೆ. ಗೋಡೆಯ ಮೇಲೆ ಬರೆದ ಕುದುರೆಯನ್ನು ನೋಡಿ ಇದು ಕುದುರೆ ಎನ್ನುತ್ತೇವೆ. ಆ ಅರಿವು ಸತ್ಯವಾದ ಅರಿವಲ್ಲ, ಏಕೆಂದರೆ ಹತ್ತಲು ಹೋಗುವುದಿಲ್ಲ. ಮಿಥ್ಯೆಯಲ್ಲ, ಏಕೆಂದರೆ ಮೋಸಹೋದೆವೆಂದು ಆಮೇಲೆ ಕೊರಗುವುದಿಲ್ಲ. ಸಂಶಯವೂ ಅಲ್ಲ, ಬರಿಯ ಸಾದೃಶ್ಯಜ್ಞಾನವೂ ಅಲ್ಲ. ಈ ನಾಲ್ಕಕ್ಕೂ ಹೊರತಾದ ಒಂದು ವಿಲಕ್ಷಣವಾದ ಅರಿವಿನಲ್ಲಿ ಕಲೆಯ ನೆಲೆಯಿದೆ. ಶಂಕುಕನ ಅನುಮಾನವಾದವನ್ನು ಆ ಮೇಲಿನವರು ಖಂಡಿಸಿದರೂ ಅವನ ಕುದುರೆ ಮಾತ್ರ ಉಳಿದುಕೊಂಡಿತು. ಛಾಯಾಚಿತ್ರವು ಈ ಕುದುರೆಯ ಜಾತಿಗೆ ಸೇರಿದ್ದು. ಅಂಗೈಯಗಲದ ಕಾಗದವನ್ನು ಯಾರೂ ಹಂಪೆಯೆಂದು ಭ್ರಮಿಸುವುದಿಲ್ಲ. ತಲೆಗೆ ಧರಿಸುವ ಯಂತ್ರವು ಆ ಕುದುರೆಯನ್ನು ಹತ್ತಿಸಲು ಹೊರಡುತ್ತದೆ; ಪ್ರಪಾತದ ದೃಶ್ಯವನ್ನು ಕಂಡು ಕಾಲು ಹಿಂದೆಗೆದವನಲ್ಲಿ ಹುಟ್ಟಿದುದು ಭಯ, ಭಯಾನಕರಸವಲ್ಲ.

ಅಭಿನವಗುಪ್ತನು ರಸಪ್ರತೀತಿಗೆ ಏಳು ವಿಘ್ನಗಳನ್ನು ಎಣಿಸುತ್ತಾನೆ. ಅವುಗಳಲ್ಲೊಂದು, ಇದು ತನ್ನದು, ಇದು ಇತರರದು ಎಂಬ ದೇಶಕಾಲವಿಶೇಷಗಳ ಆವೇಶ. ಪೂರ್ವರಂಗ, ಕಿರೀಟ, ವೇಷ ಮೊದಲಾದುವು ನಟನನ್ನು ನಟನೆಂದೂ ಅಲ್ಲದೆ ರಾಮನೆಂದೂ ಅಲ್ಲದೆ ತೋರಿಸಿ, ಈ ಆವೇಶವನ್ನು ನೀಗಿಸುತ್ತವೆ. ಕಲ್ಪಿತ ವಾಸ್ತವದ ವಕ್ತಾರರು ಹೇಳುವುದು ಇದಕ್ಕೆ ನೇರವಾಗಿ ಪ್ರತಿಕೂಲವಾದುದು. ಜೋರ್ಡಾನಿನ ಜಾತಾರಿ ನಿರಾಶ್ರಿತರ ಶಿಬಿರವನ್ನು ಈ ಬಗೆಯ ಚಿತ್ರವಾಗಿ ತೆಗೆದ ಕ್ರಿಸ್ ಮಿಲ್ಕ್ ೨೦೧೫ರಲ್ಲಿ ಇದನ್ನು ಸಹಾನುಭೂತಿಯ ಯಂತ್ರವೆಂದು ಕೊಂಡಾಡಿದರು. ನೋಡುವವನು ಅಲ್ಲಿಯೇ ಇರುವುದರಿಂದ ಅಲ್ಲಿಯವರ ದುಃಖ ಅವನಿಗೆ ತಾಕುತ್ತದೆಂಬುದು ಆ ಮತದ ಸಾರ. ಅಲ್ಲಿ ಇದ್ದಂತೆ ಆಗುವುದು ಬೇರೆ, ಅವರಂತೆ ಆಗುವುದು ಬೇರೆ. ಯಂತ್ರವು ಕಣ್ಣಿನ ಸ್ಥಾನವನ್ನು ಬದಲಿಸಬಲ್ಲುದು. ಮನಸ್ಸಿನ ಸ್ಥಾನವನ್ನು ಬದಲಿಸತಕ್ಕದ್ದು ಭಾವನಾವ್ಯಾಪಾರ. ಕನ್ನಡಕವನ್ನು ತೆಗೆದಿಟ್ಟೊಡನೆ ಶಿಬಿರ ಮಾಯವಾಗುತ್ತದೆ, ನಿರಾಶ್ರಿತರು ಅಲ್ಲಿಯೇ ಉಳಿಯುತ್ತಾರೆ. ಆ ಮತವನ್ನು ಪೂರ್ತಿಯಾಗಿ ನಂಬಿದವನ ಕೈಗೆ ಸಿಕ್ಕುವುದು ಕನ್ನಡಿಯೊಳಗಿನ ಗಂಟು.

೬

ಇಲ್ಲಿ ಒಂದು ಬಲವಾದ ಪೂರ್ವಪಕ್ಷವನ್ನು ಎದುರಿಸಬೇಕು. ಛಾಯಾಚಿತ್ರಕಾರನೂ ಏನನ್ನೂ ನಿರ್ಮಿಸುವುದಿಲ್ಲ. ಎಲ್ಲಿ ನಿಲ್ಲಬೇಕು, ಯಾವಾಗ ತೆರೆಯಬೇಕು, ಯಾವುದನ್ನು ಬಿಡಬೇಕು ಎಂದು ಆಯ್ದುಕೊಳ್ಳುತ್ತಾನೆ, ಅಷ್ಟೆ. ಕಲ್ಪಿತ ವಾಸ್ತವದಲ್ಲಿ ಆ ಆಯ್ಕೆ ನೋಡುವವನ ಕೈಗೆ ಬಂದಿದೆ. ಹಿಂದೆ ಒಬ್ಬನು ಸೃಷ್ಟಿಸುತ್ತಿದ್ದನು, ಈಗ ಎಲ್ಲರೂ ಸೃಷ್ಟಿಸುತ್ತಾರೆ. ಸೃಷ್ಟಿಶೀಲವಾದ ಬಾಳು ಎಲ್ಲರಿಗೂ ಸುಲಭವಾಗಲಿ ಎನ್ನುವವರು ಇದನ್ನು ಸ್ವಾಗತಿಸಬೇಡವೆ?

ಇದಕ್ಕೆ ಸಮಾಧಾನ ಹೀಗೆ. ಆಯ್ಕೆಯೆಲ್ಲ ಸೃಷ್ಟಿಯಲ್ಲ. ಯಾವ ಆಯ್ಕೆಯಿಂದ ಉಳಿದುವೆಲ್ಲ ಕೈಬಿಡುತ್ತವೆಯೋ, ಯಾವುದು ಉಳಿದು ನಿಂತು ಆಯ್ದವನನ್ನು ನಾಳೆ ಪ್ರಶ್ನಿಸಬಲ್ಲುದೋ ಅದು ಸೃಷ್ಟಿ. ಗ್ರೀನ್‌ಲಾ ಒಂದು ಹಾಳೆಯನ್ನು ಸಿದ್ಧಪಡಿಸಿ, ಒಂದು ಸ್ಥಳವನ್ನು ಒಪ್ಪಿ, ಬೇರೆ ನೂರು ಸ್ಥಳಗಳನ್ನು ಬಿಟ್ಟನು. ಆ ಒಪ್ಪಿಗೆ ೧೨೭ ವರ್ಷಗಳ ಮೇಲೆ ಗಾಲಿಂಗ್ಸ್ ಅವರಿಗೆ ಪ್ರಶ್ನೆಯಾಯಿತು, ಇಂದಿನ ಓದುಗನಿಗೂ ಆಗಿದೆ. ಯಂತ್ರದೊಳಗೆ ಅತ್ತಿತ್ತ ಕತ್ತು ಹೊರಳಿಸುವವನು ಏನನ್ನೂ ಬಿಟ್ಟುಕೊಡುವುದಿಲ್ಲ. ಎಡಕ್ಕೆ ನೋಡಿದುದರಿಂದ ಬಲಗಡೆಯದು ನಷ್ಟವಾಗುವುದಿಲ್ಲ. ಅವನ ನೋಟ ಗುರುತನ್ನೂ ಉಳಿಸುವುದಿಲ್ಲ. ಅದು ಸ್ವಾತಂತ್ರ್ಯವೆಂಬುದು ನಿಜ. ಹೊಣೆಯಿಲ್ಲದ ಸ್ವಾತಂತ್ರ್ಯವಾದುದರಿಂದ ಸೃಷ್ಟಿಯ ಮಟ್ಟಕ್ಕೆ ಏರುವುದಿಲ್ಲ.

ರಾಜಶೇಖರನು ಪ್ರತಿಭೆಯನ್ನು ಕಾರಯಿತ್ರಿ, ಭಾವಯಿತ್ರಿ ಎಂದು ಎರಡಾಗಿ ವಿಂಗಡಿಸಿದನು. ಮೊದಲನೆಯದು ಮಾಡುವವನದು, ಎರಡನೆಯದು ಅನುಭವಿಸುವವನದು. ಸೃಷ್ಟಿಶೀಲವಾದ ಬಾಳೆಂದರೆ ಎಲ್ಲರೂ ಏನಾದರೊಂದನ್ನು ಮಾಡುತ್ತಿರುವುದೆಂದು ಈ ಕಾಲದಲ್ಲಿ ಭಾವಿಸುವುದುಂಟು. ರಾಜಶೇಖರನ ವಿಭಾಗವನ್ನು ನೆನೆದರೆ, ನೋಡುವುದೂ ಒಂದು ಪ್ರತಿಭೆ, ಅದನ್ನೂ ಬೆಳೆಸಿಕೊಳ್ಳಬೇಕು ಎಂಬುದು ಗೊತ್ತಾಗುತ್ತದೆ. ಹಂಪೆಯ ವಿರೂಪಾಕ್ಷನ ಭಕ್ತನಾದ ಹರಿಹರನ ಪುಷ್ಪರಗಳೆ ಇದಕ್ಕೆ ಕನ್ನಡದ ನಿದರ್ಶನ. ಅದರ ವಸ್ತು ಇಷ್ಟೆ: ಭಕ್ತನು ತೋಟಕ್ಕೆ ಹೋಗಿ ಹೂವನ್ನೆತ್ತಿ ತಂದು ದೇವರಿಗೆ ಏರಿಸುವುದು. ಮಹತ್ತಾದ ಘಟನೆಯೊಂದೂ ಇಲ್ಲದ ಈ ಕೃತಿಯನ್ನು ಎತ್ತಿ ಹಿಡಿದಿರುವುದು ಗಮನ. ಒಂದೊಂದು ಹೂವಿಗೂ ಸಲ್ಲುವ ಬೇರೆ ಬೇರೆಯಾದ ಗಮನ. ಕಾಣ್ಕೆ ಕಾಣಿಕೆ ಎಂಬೆರಡು ಮಾತುಗಳು ಕನ್ನಡದಲ್ಲಿ ಒಂದೇ ಬೇರಿನಿಂದ ಹೊರಟಿರುವುದು ಸುಮ್ಮನೆಯಲ್ಲ. ಚೆನ್ನಾಗಿ ಕಂಡುದನ್ನೇ ಒಪ್ಪಿಸುವುದಕ್ಕೆ ಸಾಧ್ಯ.

ಈ ವಿಚಾರ ಅಲಂಕಾರಶಾಸ್ತ್ರಕ್ಕೆ ಮಾತ್ರ ಸೇರಿದುದೆಂದು ಬಗೆಯಬಾರದು. ಕಾಣುವ ರೀತಿಯನ್ನು ಅನುಸರಿಸಿ ಆಡಳಿತವೂ ನಡೆಯುತ್ತದೆ. ೧೯೮೬ರಲ್ಲಿ ಹಂಪೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ವಿರೂಪಾಕ್ಷನ ಗುಡಿಯ ಮುಂದಣ ಬೀದಿಯ ಹಳೆಯ ಮಂಟಪಗಳಲ್ಲಿ ಅಂಗಡಿ ಹೂಡಿಕೊಂಡು, ಸಂಸಾರ ಹೂಡಿಕೊಂಡು ಇದ್ದ ಜನರನ್ನು ೨೦೧೧ರಲ್ಲಿ ಎಬ್ಬಿಸಿ, ಅವರ ಕಟ್ಟಡಗಳನ್ನು ಕೆಡವಲಾಯಿತು. ಸ್ಮಾರಕಗಳ ರಕ್ಷಣೆಗೆ ಇದು ಅಗತ್ಯವೆಂದು ಒಂದು ಪಕ್ಷ, ಬಾಳುವ ಊರನ್ನು ಬರಿದು ಮಾಡಿದರೆಂದು ಇನ್ನೊಂದು ಪಕ್ಷ. ಎರಡರ ನ್ಯಾಯಾನ್ಯಾಯಗಳನ್ನು ತೂಗುವುದು ಇಲ್ಲಿಯ ಕೆಲಸವಲ್ಲ. ಆದರೆ ಮನುಷ್ಯರಿಲ್ಲದ ಹಂಪೆಯೇ ಶುದ್ಧವಾದ ಹಂಪೆ ಎಂಬ ಎಣಿಕೆ ಎಲ್ಲಿಂದ ಬಂದಿತೆಂದು ಕೇಳುವುದು ವಿಮರ್ಶೆಯ ಕೆಲಸ. ೧೮೫೬ರ ಮೇಣದ ಕಾಗದವು ತನ್ನ ಅಶಕ್ತಿಯಿಂದ ಜನರನ್ನು ಬಿಟ್ಟಿತು. ಆ ಬಿಡುವಿಕೆಯನ್ನು ಗುಣವೆಂದು ಬಗೆಯುವ ಕಣ್ಣು ಅದಕ್ಕಿಂತ ಹೆಚ್ಚು ಕಾಲ ಬಾಳಿದೆ. ದೇವತೆಗಳನ್ನು ನಡೆಯಿಸಬಲ್ಲ ಯಂತ್ರವು ಬಂದಿರುವಾಗ, ಹೂವು ಕಾಯಿ ಮಾರುತ್ತಿದ್ದವರ ನೆನಪಿಗೂ ಅದರಲ್ಲಿ ಎಡೆಯಾಗಬೇಕೆಂದು ಬಯಸುವುದು ಅತಿಯಾದ ಬಯಕೆಯಲ್ಲ.

ಇಷ್ಟರಿಂದ ಕಲ್ಪಿತ ವಾಸ್ತವವನ್ನು ತ್ಯಜಿಸಬೇಕೆಂಬ ಸಿದ್ಧಾಂತ ಹೊರಡುವುದಿಲ್ಲ. ಅದನ್ನು ತೂಗಬೇಕಾದ ತಕ್ಕಡಿ ಯಾವುದೆಂಬುದು ಹೊರಡುತ್ತದೆ. ಕೃತಿಯೊಂದು ಎಷ್ಟು ನಂಬಿಸಿತೆಂದು ಕೇಳಬಾರದು. ನೋಡುವವನಿಗೆ ಎಷ್ಟನ್ನು ಉಳಿಸಿತೆಂದು ಕೇಳಬೇಕು. ತಾನು ರಚಿತವಾದುದೆಂಬುದನ್ನು ಬಚ್ಚಿಟ್ಟಿತೋ, ಒಪ್ಪಿಕೊಂಡಿತೋ ಎಂದು ನೋಡಬೇಕು. ಯಾರನ್ನು ಬಿಟ್ಟಿತು, ಬಿಟ್ಟುದನ್ನು ಸೂಚಿಸಿತೋ ಇಲ್ಲವೋ ಎಂದು ಪರೀಕ್ಷಿಸಬೇಕು. ಈ ಪ್ರಶ್ನೆಗಳಿಗೆ ಗಾಲಿಂಗ್ಸ್ ಅವರ ಜೋಡಿಚಿತ್ರಗಳು ಸಲೀಸಾಗಿ ಉತ್ತರ ಕೊಡುತ್ತವೆ. ‘ಪ್ಲೇಸ್–ಹಂಪಿ’ ತನ್ನ ತಿರುಗುವ ಜಗಲಿಯಿಂದ ಕೊಡುತ್ತದೆ, ತನ್ನ ಚಲಿಸುವ ದೇವತೆಗಳಿಂದ ಕೊಡಲಾರದು. ಮುಂದೆ ಬರುವವರು ಅದೇ ಜಗಲಿಯ ಸುತ್ತ ೧೮೫೬ರ ಶಿಖರವನ್ನೂ ೧೯೮೩ರ ಬೋಳುನೆತ್ತಿಯನ್ನೂ ಒಂದರ ಪಕ್ಕದಲ್ಲಿ ಒಂದನ್ನಾಗಿ ನಿಲ್ಲಿಸಿ, ನಡುವೆ ನಡೆದುದೇನೆಂಬುದನ್ನು ಹೇಳದೆ ಬಿಟ್ಟರೆ, ಆ ಯಂತ್ರದಿಂದಲೂ ಧ್ವನಿ ಹೊರಡುವುದರಲ್ಲಿ ಸಂದೇಹವಿಲ್ಲ.